ಹೆಸರು ಕೇಳಬಾರದು

ನಮ್ಮ ವಿಶ್ವವಿದ್ಯಾಲಯದ ಚಾಟ್‌ನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಮೊದಲ ನಿಯಮ ಬರೆದವನೇ ನಾನು: ಇಲ್ಲಿ ಯಾರೂ ಯಾರ ನಿಜವಾದ ಹೆಸರನ್ನೂ ಕೇಳಬಾರದು. ಗ್ರಂಥಾಲಯದಲ್ಲಿ ಕೂತು ಆ ಚಾಟನ್ನು ನೋಡಿಕೊಳ್ಳುವುದು ನನ್ನ ಕೆಲಸ. ಚಾಟ್‌ನಲ್ಲಿ ನಾನು ‘ಕಾವಲುಗಾರ’.

‘ಅಳಿಲು’ ಎಂಬುವಳು ದಿನಾ ಮಧ್ಯಾಹ್ನ ಬರುತ್ತಿದ್ದಳು. ತನ್ನ ಪ್ರಯೋಗಾಲಯದ ಕಿಟಕಿ ಕಿರ್ರೆನ್ನುವುದನ್ನೂ ಬರೆದು ನಗಿಸುತ್ತಿದ್ದಳು. ಎರಡು ವರ್ಷ ಹರಟಿದ ಮೇಲೆ ಒಂದು ದಿನ, “ನಿಮ್ಮ ಹೆಸರೇನ್ರೀ?” ಅಂದಳು. ಎಲ್ಲರೂ ಓದುತ್ತಿದ್ದರಲ್ಲ, ನಾನು ದೊಡ್ಡ ಮನುಷ್ಯನ ಹಾಗೆ ನಿಯಮವನ್ನೇ ಅವಳ ಮುಖಕ್ಕೆ ಹಿಡಿದೆ.

“ತಪ್ಪಾಯ್ತು ಸಾರ್. ಈಗ ಬಂದೆ.”

ಸ್ವಲ್ಪ ಹೊತ್ತಿಗೆಂದು ಎದ್ದುಹೋಗುವವರು ಹಾಗೆ ಬರೆದಿಡುವುದು ಅಲ್ಲಿನ ವಾಡಿಕೆ. ಹನ್ನೊಂದು ತಿಂಗಳಾಯಿತು, ಅವಳ ಹೆಸರಿನ ಮುಂದೆ ‘ಈಗ ಬಂದೆ’ ಹಾಗೇ ಇದೆ. ಹುಡುಕೋಣವೆಂದರೆ ಯಾರೆಂದು ಕೇಳಲಿ? ಪ್ರಯೋಗಾಲಯಗಳ ಕಿಟಕಿಗಳನ್ನೆಲ್ಲ ತೆರೆದು ನೋಡಿದ್ದಾಯಿತು. ಎಲ್ಲಕ್ಕೂ ಎಣ್ಣೆ ಹಾಕಿಬಿಟ್ಟಿದ್ದಾರೆ, ಹಾಳಾದವರು.

ಇವತ್ತು ಹೊಸಬನೊಬ್ಬ ಬಂದವನೇ, “ಸಾರ್, ನಿಮ್ಮ ಹೆಸರೇನು?” ಅಂದ. ಬೈಯಲಿಲ್ಲ. ನನ್ನ ಪೂರ್ತಿ ಹೆಸರು, ಕೂರುವ ಮೇಜು, ಮನೆಗೆ ಹೊರಡುವ ಹೊತ್ತು, ಎಲ್ಲ ಬರೆದೆ. ಅವನಿಗಲ್ಲ. ಅಳಿಲು ಬಂದರೆ ಮೊದಲು ಅದೇ ಕಾಣಲಿ ಎಂದು, ಮೇಲೆ, ನಿಯಮವಿದ್ದ ಜಾಗದಲ್ಲಿ.