ಒಂದು ಗೇಣು ಕಡಿಮೆ

ನಾನು ಒಂದು ಮಂಚ. ಹುಟ್ಟಿದ್ದು ಮೈಸೂರಿನ ಅಂಚಿನ ಒಂದು ಬಡಗಿ ಅಂಗಡಿಯಲ್ಲಿ. ಮರ ಚೆನ್ನಾಗಿಯೇ ಇತ್ತು, ತಲೆಯ ಕಡೆ ಕೆತ್ತನೆಯೂ ಬಂತು, ಪಾಲಿಷ್ ಬಿದ್ದ ಮೇಲೆ ಮುಖ ನೋಡಿಕೊಳ್ಳುವಷ್ಟು ಹೊಳೆದೆ. ಇದ್ದದ್ದು ಒಂದೇ ಕೊರತೆ. ಮಂಚಕ್ಕೆ ಇರಬೇಕಾದ ಉದ್ದಕ್ಕಿಂತ ನಾನು ಒಂದು ಗೇಣು ಕಡಿಮೆ. ಬಡಗಿಯ ತಪ್ಪಲ್ಲ, ಹೇಳಿ ಮಾಡಿಸಿದ್ದೇ ಹಾಗೆ. "ಇದು ಮಲಗೋಕಲ್ಲ ಕಣಯ್ಯ, ನೋಡೋಕೆ," ಎಂದು ನನ್ನನ್ನು ಮಾಡಿಸಿದ ಫ್ಲಾಟು ಕಟ್ಟಡದ ಮಾಲೀಕರು ನಕ್ಕದ್ದು ನೆನಪಿದೆ. ಆಗ ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಮಾದರಿ ಮನೆಗೆ ಬಂದ ಮೇಲೆ. ಫ್ಲಾಟುಗಳು ಇನ್ನೂ ಏಳುತ್ತಿದ್ದವು. ಕೊಳ್ಳುವವರಿಗೆ ತೋರಿಸಲೆಂದು ಒಂದು ಮನೆಯನ್ನು ಮೊದಲೇ ಸಿಂಗರಿಸಿಟ್ಟಿದ್ದರು. ಅಲ್ಲಿನ ಸೋಫಾ, ಮೇಜು, ಬೀರು ಎಲ್ಲವೂ ನನ್ನ ಹಾಗೇ ಕುಳ್ಳರು. ಕುಳ್ಳರ ನಡುವೆ ಕೋಣೆ ದೊಡ್ಡದಾಗಿ ಕಾಣುತ್ತದೆ. ನನ್ನ ಮೇಲೆ ರೇಷ್ಮೆ ಹೊದಿಕೆ, ದಿಂಬುಗಳ ರಾಶಿ, 'ದಯವಿಟ್ಟು ಕೂರಬೇಡಿ' ಎಂಬ ಫಲಕ. ಬಂದವರು "ಎಷ್ಟು ವಿಶಾಲವಾಗಿದೆ!" ಎಂದಾಗಲೆಲ್ಲ ನಾಚಿಕೆಯಿಂದ ಮುದುಡಿಕೊಳ್ಳಬೇಕು ಎನಿಸುತ್ತಿತ್ತು. ಮುದುಡಿದರೆ ಕೋಣೆ ಇನ್ನೂ ದೊಡ್ಡದಾಗಿ ಕಾಣುತ್ತದಲ್ಲ, ಅದೇ ನನ್ನ ಪಾಡು.

ಒಂದು ಭಾನುವಾರ ರುದ್ರಾಣಮ್ಮ ಬಂದರು, ಜೊತೆಗೆ ಮಗ ಪ್ರಸಾದ್, ಸೊಸೆ ಶಶಿರೇಖಾ. ರುದ್ರಾಣಮ್ಮ ನಂಜನಗೂಡಿನಲ್ಲಿ ಪಿ.ಟಿ. ಮೇಡಂ ಆಗಿ ನಿವೃತ್ತರಾದವರು, ಮಗನಿಗಿಂತ ಎತ್ತರ. ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಮಾಡಿಕೊಳ್ಳಲು ಹೊರಟಿದ್ದರು. ಪಕ್ಕದ ಬಡಾವಣೆಯಲ್ಲಿ ಮಾರಾಟಕ್ಕಿದ್ದ ಒಂದು ಹಳೆಯ ಮನೆಯನ್ನೂ ಆಗಷ್ಟೇ ನೋಡಿಕೊಂಡು ಬಂದಿದ್ದರು.

"ಅತ್ತೆ, ಅದೇ ಇರ್ಲಿ. ಬಣ್ಣ ಹೊಡ್ಸಿದ್ರೆ ಆಯ್ತು. ನಿಮ್ಮ ಮಂಚಾನೂ ಆರಾಮಾಗಿ ಹಿಡಿಯುತ್ತೆ," ಎಂದಳು ಶಶಿರೇಖಾ.

"ಯಾರೋ ಬಾಳಿ ಬಿಟ್ಟ ಮನೆ ನಮಗ್ಯಾಕವ್ವ? ಆಗಿಬಂದಿದ್ರೆ ಅವ್ರು ಯಾಕೆ ಮಾರ್ತಿದ್ರು?"

ರುದ್ರಾಣಮ್ಮನಿಗೆ ಬೇಕಾಗಿದ್ದು ಇಷ್ಟೇ: ತಮ್ಮದೆಂಬ ಒಂದು ಕೋಣೆ, ಅದರಲ್ಲಿ ತೀರಿಹೋದ ಗಂಡ ಮಾಡಿಸಿದ್ದ ತೇಗದ ಮಂಚ, ಪೂರ್ವಕ್ಕೆ ತಲೆ. ನನ್ನ ತಲೆ ಉತ್ತರಕ್ಕಿರುವುದನ್ನು ಕಂಡು ಅವರ ಹುಬ್ಬು ಗಂಟಾಯಿತು.

"ಉತ್ತರಕ್ಕೆ ಯಾರಪ್ಪಾ ತಲೆ ಹಾಕ್ತಾರೆ? ದಕ್ಷಿಣಕ್ಕೆ ಹಾಕೋಣ ಅಂದ್ರೆ ಅಲ್ಲಿ ಬಾಗಿಲು. ಪೂರ್ವಕ್ಕೆ ತಿರುಗ್ಸಿ, ನೋಡೋಣ."

ಮನೆ ತೋರಿಸುವವನು ಖುಷಿಯಿಂದಲೇ ಒಂದು ಕಡೆ ಹಿಡಿದ, ಪ್ರಸಾದ್ ಇನ್ನೊಂದು ಕಡೆ. ಎಲ್ಲಾದರೂ ತಗಲಿಹಾಕಿಕೊಳ್ಳಬಾರದೇ ಎಂದು ನಾನು ಹಂಬಲಿಸಿದೆ. ತಗಲಲು ಉದ್ದ ಬೇಕಲ್ಲ! ಅಡ್ಡಲಾಗಿ ಲಕ್ಷಣವಾಗಿ ಕೂತೆ. ಓಡಾಡಲು ಜಾಗವೂ ಉಳಿಯಿತು.

"ನೋಡಿದ್ಯಾ ಶಶಿ? ಹೆಂಗಿಟ್ರೂ ಹಿಡಿಯುತ್ತೆ."

ಶಶಿರೇಖಾ ನನ್ನನ್ನೇ ದಿಟ್ಟಿಸಿದಳು. "ಯಾಕೋ ಮಂಚಾನೇ ಚಿಕ್ಕದಿದ್ದಂಗಿದೆ ಅತ್ತೆ."

"ಜೀವಮಾನವೆಲ್ಲ ಮಕ್ಕಳನ್ನ ಎತ್ತರ ನೋಡಿ ಸಾಲಾಗಿ ನಿಲ್ಲಿಸ್ದೋಳು ನಾನು. ನನ್ನ ಕಣ್ಣಿಗೆ ಗೊತ್ತಾಗಲ್ವಾ?"

ಅಲ್ಲಿಗೆ ಮಾತು ಮುಗಿಯಿತು. ಹೊಸ ಮನೆಯೇ ನಿಶ್ಚಯವಾಯಿತು.

ಫ್ಲಾಟುಗಳೆಲ್ಲ ಮಾರಾಟವಾಗಿ, ಜನ ಬಂದು ಸೇರಿಕೊಂಡ ಮೇಲೆ ಮಾದರಿ ಮನೆಯನ್ನು ಖಾಲಿ ಮಾಡಿದರು. ಪ್ರಸಾದ್ ನನ್ನನ್ನು ಹೊರಿಸಿಕೊಂಡು ತನ್ನ ಮನೆಗೆ ತಂದ. ನಡೆದದ್ದು ಆಗ ತಿಳಿಯಿತು. ತೇಗದ ಮಂಚವನ್ನು ಪೂರ್ವಕ್ಕೆ ಹಾಕಿದರೆ ಬೀರು ತೆರೆಯುತ್ತಿರಲಿಲ್ಲ, ಬಚ್ಚಲಿಗೆ ದಾರಿಯೇ ಇರಲಿಲ್ಲ. ರುದ್ರಾಣಮ್ಮ ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡು, ಕೊನೆಗೆ ಗಂಡನ ಮಂಚವನ್ನು ತಂಗಿಯ ಮನೆಗೆ ಕಳಿಸಿಬಿಟ್ಟಿದ್ದರು.

ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. ಯಾರೂ ಇಲ್ಲದಾಗ ಕೋಣೆಯ ಬಾಗಿಲು ಮುಂದೆ ಮಾಡಿ, ಈ ತುದಿಯಿಂದ ಆ ತುದಿಗೆ ಗೇಣು ಹಾಕಿದರು. ಆಮೇಲೆ ನನ್ನ ಅಂಚಿನಲ್ಲಿ ತಲೆ ತಗ್ಗಿಸಿ ಕೂತರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಅಂದಿನಿಂದ ಅವರು ಮಂಡಿ ಮಡಚಿಯೇ ಮಲಗಿದರು. "ಜಾಗ ಸಾಕಾಗುತ್ತಾ ಅತ್ತೆ?" ಎಂದು ಸೊಸೆ ಕೇಳಿದರೆ, "ಧಾರಾಳ," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಕುಗ್ಗಿಹೋಗುತ್ತಿದ್ದೆ.

ಹೀಗೇ ವರ್ಷಗಳು ಕಳೆದವು. ಪಾಲಿಷ್ ಮಾಸಿತು, ಒಂದು ಕಾಲು ಕಿರುಗುಟ್ಟತೊಡಗಿತು. ಮೊನ್ನೆ ಮಧ್ಯಾಹ್ನ ರುದ್ರಾಣಮ್ಮನ ತಂಗಿಯ ಮಗಳು ಮಧುಮತಿ ಬಂದಿದ್ದಳು. ಅವಳಿಗೂ ಈಗ ಹೊಸ ಫ್ಲಾಟೋ, ಹಳೆಯ ಮನೆಯೋ ಎಂಬ ಹೊಯ್ದಾಟ.

"ಮಾದರಿ ಮನೆ ನೋಡ್ದೆ ದೊಡ್ಡಮ್ಮ, ಅರಮನೆ ಇದ್ದಂಗಿದೆ. ಹೊಸದೇ ವಾಸಿ ಅಲ್ವಾ?"

ಶಶಿರೇಖಾ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರುದ್ರಾಣಮ್ಮ ಒಮ್ಮೆ ಅವಳ ಕಡೆ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಮೇಲೆ ಮಲಗಿ, ಇಷ್ಟು ವರ್ಷ ಮಡಚಿಟ್ಟಿದ್ದ ಕಾಲುಗಳನ್ನು ನೀಟಾಗಿ ಚಾಚಿದರು. ಹಿಮ್ಮಡಿಗಳು ನನ್ನನ್ನು ದಾಟಿ ಗಾಳಿಯಲ್ಲಿ ನಿಂತವು.

"ಇದು ಮಾದರಿ ಮನೇದೇ ಮಂಚ. ಬರೀ ಕಣ್ಣಲ್ಲಿ ನೋಡಿ ಬರ್ಬೇಡ ಕಣವ್ವ, ಮಲಗಿ ನೋಡು. ಶಶಿ ಅವತ್ತೇ ಹೇಳಿದ್ಲು. ನಾನೇ ಕೇಳ್ಲಿಲ್ಲ."

ನನ್ನ ಕೊರತೆಯನ್ನು ನಾಲ್ಕು ಜನರೆದುರು ಹೀಗೆ ಯಾರೂ ತೋರಿಸಿರಲಿಲ್ಲ. ಮೈಯೆಲ್ಲ ಕಿರುಗುಟ್ಟಿತು. ಶಶಿರೇಖಾ ಕಾಫಿ ಇಟ್ಟು ಹೋದಳು. ಮರಳಿ ಬಂದಾಗ ಕೈಯಲ್ಲಿ ಅಡುಗೆಮನೆಯ ಸ್ಟೂಲು, ಅದರ ಮೇಲೆ ಮಡಿಸಿದ ಕಂಬಳಿ. ಅದನ್ನು ಅತ್ತೆಯ ಹಿಮ್ಮಡಿಯ ಕೆಳಗೆ ಸರಿಸಿದಳು.

"ಈಗ ಸಾಕಾಗುತ್ತಾ ಅತ್ತೆ?"

ರುದ್ರಾಣಮ್ಮ ಈ ಸಲ "ಧಾರಾಳ" ಎನ್ನಲಿಲ್ಲ. ಸೊಸೆಯ ಕೈ ಹಿಡಿದುಕೊಂಡು, "ಈಗ ಸಾಕು ಕಣವ್ವ," ಎಂದರು. ಸ್ಟೂಲು ಅಂದಿನಿಂದ ನನ್ನ ಕಾಲ ಬಳಿಯೇ ಇದೆ.