ಚಿತ್ರದ ಕೆಳಗಿನ ಸಾಲು

ಮತ್ತೆ ಆ ಟ್ಯೂಬ್‌ಲೈಟ್ ಮಿಣುಕುತ್ತಿದೆ, ಮಿಣುಕಿದಾಗಲೆಲ್ಲ ಕಂಪ್ಯೂಟರ್ ಪರದೆಯ ಮೇಲಿನ ಹುಡುಗಿಯರಿಬ್ಬರೂ ನಿಜಕ್ಕೂ ಓಡಿದಂತೆ ಕಾಣುತ್ತದೆ, ಓಡಲಿ, ನನಗೆ ಬೇಕಾದದ್ದು ಚಿತ್ರದ ಕೆಳಗೆ ಒಂದು ಸಾಲು — ಏನಮ್ಮಾ, ಪುಟ ಪ್ರಿಂಟಿಗೆ ಹೋಗ್ಬೇಕು, ನೆಕ್ ಅಂಡ್ ನೆಕ್ ಅಂತ ಹಾಕಿ ಬಿಸಾಕಿ, ಗಾಜಿನ ಕೋಣೆಯಿಂದ ಸಂಪಾದಕರ ಕೂಗು, ಈ ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದಲ್ಲಿ ಆ ಮಾತು ಕಂಡಲ್ಲೆಲ್ಲ ಹೊಡೆದುಹಾಕಿದವಳು ನಾನೇ, ಕುದುರೆ ಪಂದ್ಯದ ಮಾತು ಕಣ್ರೋ ಅದು, ಎರಡು ಕತ್ತೂ ಸಮಸಮ ಇರ್ಬೇಕು, ಎರಡೂ ಗೆಲ್ಲೋಕೇ ಓಡ್ತಿರ್ಬೇಕು, ಕಂಡಕಂಡವರಿಗೆಲ್ಲ ಅಂಟಿಸ್ಬೇಡಿ ಎಂದು ಎಲ್ಲರ ತಲೆ ತಿಂದು ಕತ್ತಮ್ಮ ಎಂದೇ ಹೆಸರಾದೆ, ಇವತ್ತು ಸರಿಯಾಗಿದೆಯಲ್ಲ, ಓಟ ಮುಗಿಯುವ ಗೆರೆ ಇನ್ನೂ ದೂರ, ಕತ್ತುಗಳು ಸಮ, ಬರೆದು ಮನೆಗೆ ಹೋಗು — ಮನೆಯಲ್ಲಿ ಈ ಇಬ್ಬರೂ ಇದ್ದಾರೆ, ಚಿತ್ರದ ಎಡಗಡೆಯವಳು ನನ್ನ ಮಗಳು, ಬಲಗಡೆಯದು ತೀರಿಕೊಂಡ ತಂಗಿಯ ಮಗಳು, ದೊಡ್ಡಮ್ಮಾ ದೊಡ್ಡಮ್ಮಾ ಎಂದು ಸೆರಗು ಬಿಡದ ಚಿಕ್ಕದು, ಅದು ಮೊದಲ ದಿನ ಶಾಲೆಗೆ ಹೊರಟಾಗ ಮಗಳು ಬೀದಿ ತಿರುವಿನಲ್ಲಿ ನಿಂತು ಕತ್ತು ತಿರುಗಿಸಿ, ಬಾರೇ, ನಾನಿದೀನಲ್ಲ, ಎಂದಳು, ಒಂದೇ ಮಂಚ, ಒಂದೇ ಬಾಚಣಿಗೆ, ತರಬೇತಿ ಶಿಬಿರದಲ್ಲೂ ಖಾಲಿ ಇದ್ದದ್ದು ಒಂದೇ ಜಾಗ, ಅದು ಬೆಳಗಿನ ಈ ಓಟ ಗೆದ್ದ ಚಿಕ್ಕದಕ್ಕೆ ಹೋಯಿತು, ಸಂತೋಷಪಟ್ಟೆ, ಪಟ್ಟೆನೇ, ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯಲ್ಲಿ ಮಗಳ ತೋಳು ಹಿಡಿದು, ಕೊನೇಲಿ ಏನಾಯ್ತೇ ನಿಂಗೆ, ಕಾಲು ಹಿಡ್ಕೊಳ್ತಮ್ಮ, ಯಾವ ಕಾಲು, ಸ್ವಲ್ಪ ಯೋಚಿಸಿ ಎಡಗಾಲು ಎಂದಳು, ಮೈಗಳ್ಳಿ ಎಂದು ರೇಗಿದೆ, ಚಿಕ್ಕದನ್ನು ನೋಡಿ ಹೊಟ್ಟೆ ಉರಿಯಿತು, ಛೀ, ತಬ್ಬಲಿ ಮಗುವಿನ ಮೇಲೆ.

ಚಿತ್ರ ದೊಡ್ಡದು ಮಾಡುತ್ತೇನೆ, ಆ ಎಡಗಾಲು ನೋಡಬೇಕು, ಚೆನ್ನಾಗಿಯೇ ಇದೆ, ನೆಲ ಒದ್ದು ಎದ್ದಿದೆ, ನೋವಿನ ಸುಳಿವೇ ಇಲ್ಲ, ಹಾಗಾದರೆ — ಮೇಲೆ ಸರಿಸು, ಚಿಕ್ಕದರ ಕತ್ತು ನರ ಉಬ್ಬಿ ಗೆರೆಯತ್ತ ಚಾಚಿದೆ, ಮಗಳದು, ಮಗಳ ಕತ್ತು ಪಕ್ಕಕ್ಕೆ ತಿರುಗಿದೆ, ಅವಳು ಗೆರೆಯನ್ನು ನೋಡುತ್ತಲೇ ಇಲ್ಲ, ಚಿಕ್ಕದನ್ನು ನೋಡುತ್ತಿದ್ದಾಳೆ, ಅದೇ ಬೀದಿ ತಿರುವಿನ ಮುಖ, ಬಾರೇ. ಬಿಟ್ಟುಕೊಟ್ಟಳು. ನಾನು ಬೈದೆನಲ್ಲ, ಬಾಯಿ ಬಿಡಲಿಲ್ಲವಲ್ಲ ಹುಡುಗಿ. ನೆಕ್ ಅಂಡ್ ನೆಕ್ ಅಲ್ಲ ಇದು, ಒಬ್ಬಳು ಪಂದ್ಯದಲ್ಲೇ ಇಲ್ಲ, ಹೊಡೆದುಹಾಕು — ಬೆಳಿಗ್ಗೆ ಪತ್ರಿಕೆ ಮೊದಲು ಎತ್ತಿಕೊಳ್ಳುವುದು ಚಿಕ್ಕದೇ, ದೊಡ್ಡಮ್ಮ ಏನು ಬರೆದಿದ್ದಾಳೆ ಎಂದು, ಅಂಗೈಯಗಲದ ಚಿತ್ರ, ಕೆಳಗೆ ಆ ಮೂರು ಪದ ಇದ್ದರೆ ಯಾರೂ ಇಷ್ಟು ಹತ್ತಿರದಿಂದ ನೋಡುವುದಿಲ್ಲ, ಗೆದ್ದೆ ಎಂದುಕೊಂಡೇ ಶಿಬಿರಕ್ಕೆ ಹೋಗುತ್ತದೆ, ಬೆರಳು ಅದನ್ನೇ ಬರೆಯುತ್ತಿದೆ, ಮೊದಲ ಸಲ, ತಪ್ಪೆಂದು ಗೊತ್ತಿದ್ದೇ — ಆಯ್ತೇನಮ್ಮಾ, ಆಯ್ತು ಸಾರ್, ಕಳಿಸಿದೆ, ಪರದೆ ಮಾತ್ರ ಮುಚ್ಚಲಾರೆ, ದೀಪ ಮಿಣುಕುತ್ತದೆ, ಆ ಕತ್ತು, ತಿರುಗಿದ ಆ ಕತ್ತು