ನಾನೂರ ಹನ್ನೆರಡು ಚಿತ್ರ

ಆಫೀಸಿನಲ್ಲಿ ಅವನಿಗೆ ರಾಕೆಟ್ ಎಂದೇ ಹೆಸರು. ಕಣ್ಣು ಕಾಣದವರು ಫೋನಿನಲ್ಲಿ ಕೇಳಿ ಕಲಿಯುವಂತೆ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಆಫೀಸು ಅದು. ಪುಟದಲ್ಲಿ ಚಿತ್ರ ಬಂದಲ್ಲೆಲ್ಲ ಅದರೊಳಗೆ ಏನಿದೆ ಎಂದು ಒಂದು ಖಾಲಿ ಚೌಕದಲ್ಲಿ ಬರೆಯಬೇಕು. ಫೋನು ಅದನ್ನು ಓದಿ ಹೇಳುತ್ತದೆ. ಉಳಿದವರು ಒಂದೊಂದು ಚಿತ್ರಕ್ಕೂ ಅರ್ಧ ಗಂಟೆ ತಿಣುಕುತ್ತಿದ್ದರೆ, ನಮ್ಮ ರಾಕೆಟ್ ಅಂಗರಚನೆಯ ದಪ್ಪ ಪುಸ್ತಕವನ್ನು ಎರಡೇ ದಿನದಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದ. ಗುಟ್ಟು ಇಷ್ಟೇ: ಚೌಕ ಖಾಲಿಯಿದ್ದರೆ ಮಾತ್ರ ಕಂಪ್ಯೂಟರಿನ ತಪಾಸಣೆಯಲ್ಲಿ ಕೆಂಪು ಬರುತ್ತಿತ್ತು, ಏನು ತುಂಬಿದರೂ ಹಸಿರು. ನಾನೂರ ಹನ್ನೆರಡು ಚೌಕಗಳಲ್ಲೂ ಅವನು 'ಚಿತ್ರ' ಎಂದು ತುಂಬಿದ. ಮೇಲಧಿಕಾರಿ ಬೆನ್ನು ತಟ್ಟಿದರು. ನಾಚಿಕೆಯಿಲ್ಲದೆ ಇವನೂ ತಟ್ಟಿಸಿಕೊಂಡ.

ಆ ಪುಸ್ತಕ ಸುತ್ತಿ ಸುತ್ತಿ ಅವನ ಮನೆಗೇ ಬರಬೇಕೆ! ಅಣ್ಣನ ಹೆಂಡತಿಗೆ ಮೂರು ವರ್ಷದ ಹಿಂದೆ ದೃಷ್ಟಿ ಹೋಗಿತ್ತು. ಈಗ ನಲವತ್ತೊಂದನೆಯ ವಯಸ್ಸಿನಲ್ಲಿ ಹಟಹಿಡಿದು ಫಿಸಿಯೋಥೆರಪಿ ಕೋರ್ಸಿಗೆ ಸೇರಿದ್ದಳು. ಊಟದ ಮೇಜಿನ ಮೇಲಿಟ್ಟ ಅವಳ ಫೋನು ಹೇಳಿತು: "ಭುಜದ ಕೀಲಿನ ರಚನೆ ಹೀಗಿದೆ. ಚಿತ್ರ. ಚಿತ್ರ."

ರಾಕೆಟ್‌ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನನಗೇ ಎಲ್ಲಿ ಒತ್ತಬೇಕು ಅಂತ ಗೊತ್ತಾಗ್ತಿಲ್ಲ ಕಣೋ," ಎಂದಳು ಅತ್ತಿಗೆ. "ಚಿತ್ರದ ವಿವರ ಇದ್ದೇ ಇರುತ್ತೆ. ನಮ್ಮಂಥೋರಿಗೆ ಅಂತಾನೇ ಮಾಡಿರೋ ಪುಸ್ತಕ."

ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟ, ಆದರೆ ಹೊರಗೆ ಬಂದದ್ದು ಸುಳ್ಳು. "ಹೊಸದಲ್ವಾ ಅತ್ತಿಗೆ, ಅಭ್ಯಾಸ ಆಗ್ಬೇಕು."

ಅವಳು ನಂಬಿದಳು. ಒಂದು ತಿಂಗಳಿಡೀ ಫೋನನ್ನು ಎರಡು ಸಲ ಒತ್ತಿದಳು, ಮೂರು ಸಲ ಒತ್ತಿದಳು, ಅಡ್ಡ ಸವರಿದಳು, ಉದ್ದ ಸವರಿದಳು. ಇವನು ಅದನ್ನು ನೋಡುತ್ತಲೇ ಇದ್ದ. ಆಫೀಸಿನಲ್ಲಿ ಗುಟ್ಟಾಗಿ ತಿದ್ದಲು ಹೊರಟರೆ, ಮುಗಿದ ಪುಸ್ತಕ ತೆರೆಸಲು ಕಾರಣ ಬರೆದುಕೊಡಬೇಕಿತ್ತು. ಬರೆದರೆ ಕೆಲಸಕ್ಕೇ ಕುತ್ತು. ತೆಪ್ಪಗಾದ.

ಪರೀಕ್ಷೆಗೆ ಎಂಟು ದಿನವಿದೆ ಎನ್ನುವಾಗ, ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತ ಅತ್ತಿಗೆ ಹೇಳಿದಳು: "ನಾಳೆ ಹೋಗಿ ಕೋರ್ಸ್ ಬಿಡ್ತೀನಿ ಅಂತ ಬರ್ದುಕೊಟ್ಟು ಬರ್ತೀನಿ. ಒಂದು ಪುಸ್ತಕ ನೆಟ್ಟಗೆ ಓದೋಕೆ ಬರದೋಳು ಇನ್ನೊಬ್ಬರ ಭುಜ ಏನು ಸರಿಮಾಡ್ತೀನಿ? ನನ್ನ ತಲೇಲಿ ಮಣ್ಣು ತುಂಬಿದೆ."

ಅವನಿಗೆ ಇನ್ನು ತಡೆಯಲಾಗಲಿಲ್ಲ. "ನಿಮ್ಮ ತಲೆ ಸರಿಯಾಗೇ ಇದೆ ಅತ್ತಿಗೆ. ಆ ಪುಸ್ತಕದಲ್ಲಿ ವಿವರಾನೇ ಇಲ್ಲ. ಬರೀಬೇಕಾಗಿದ್ದವನು ನಾನು." ಚೌಕ, ಹಸಿರು, ಎರಡು ದಿನ, ಎಲ್ಲವನ್ನೂ ಒದರಿದ. "ಇವತ್ತಿಂದ ಪಕ್ಕದಲ್ಲಿ ಕೂತು ಒಂದೊಂದು ಚಿತ್ರಾನೂ ಹೇಳ್ತೀನಿ."

ಅವಳು ಮಡಿಸುತ್ತಿದ್ದ ಟವೆಲನ್ನು ಪಕ್ಕಕ್ಕಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಹೇಳ್ತೀಯ," ಎಂದಳು. "ಕ್ಲಾಸಲ್ಲಿ ಕಣ್ಣು ಕಾಣದೋರೇ ಹನ್ನೆರಡು ಜನ ಇದ್ದೀವಿ. ಎಲ್ಲರ ಮನೇಲೂ ಮೈದುನ ಕೂತಿದ್ದಾನಾ? ಹೋದ ವಾರ ಒಬ್ಬಳು ಬಿಟ್ಟುಹೋದ್ಲು, ಹತ್ತೊಂಬತ್ತು ವರ್ಷದ ಹುಡುಗಿ. 'ಈ ಪುಸ್ತಕ ಓದೋಕೆ ಬರಲ್ಲ, ನಾನು ದಡ್ಡಿ ಅಕ್ಕಾ' ಅಂತ ಬಿಕ್ಕಿ ಬಿಕ್ಕಿ ಅತ್ಲು. ಅಭ್ಯಾಸ ಆಗ್ಬೇಕಮ್ಮ ಅಂತ ನಾನೇ ಅವಳಿಗೆ ಬುದ್ಧಿ ಹೇಳ್ದೆ. ನೀನು ಹೇಳಿಕೊಟ್ಟ ಮಾತು."

ಏನನ್ನೋ ಒತ್ತಿ ಫೋನನ್ನು ಅವನತ್ತ ಚಾಚಿದಳು. ಆ ಕಡೆ ಆಗಲೇ ರಿಂಗಾಗುತ್ತಿತ್ತು.

"ಹೇಳಿ ಅಕ್ಕಾ," ಎಂದಿತು ಎಳೆಯ ದನಿ.

ಅತ್ತಿಗೆ ಅವನ ಕಡೆಗೇ ಮುಖಮಾಡಿ ಕಾಯುತ್ತಿದ್ದಳು.

"ನೀವು ದಡ್ಡಿ ಅಲ್ಲ," ಎಂದ. "ಪುಸ್ತಕದಲ್ಲಿ ಚಿತ್ರಗಳ ವಿವರ ಬರೀದೇ ಬಿಟ್ಟಿದ್ದು ನಾನು, ತಪ್ಪು ನಂದು. ನನ್ನ ಹೆಸರು, ಆಫೀಸಿನ ಹೆಸರು ಎರಡೂ ಹೇಳ್ತೀನಿ. ನಾಳೆ ಕಾಲೇಜಿಗೆ ಹೋಗಿ ಹೇಳಿ, ಪುಸ್ತಕ ತಿದ್ದಿಸಲಿ."